ಗಂಜಿ ಬಡಿಸಿದ ಅಜ್ಜಿ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 2025ರ ಮೇ ತಿಂಗಳಲ್ಲಿ ಜರಗಿದ ರಕ್ಷಕ-ಶಿಕ್ಷಕ ಸಭೆಯಲ್ಲಿ ಅಲ್ಲಿನ ಅಧ್ಯಾಪಿಕೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ನುಡಿನಮನ, ಹತ್ತು ನಿಮಿಷ' ಎಂದು ಬರೆದಿದ್ದಾರೆ. ಹತ್ತು ನಿಮಿಷದಲ್ಲಿ ಮುಗಿಯುವ ಮಾತಲ್ಲ ಇದು. ಅಧ್ಯಕ್ಷರು ಗಂಟೆ ಬಾರಿಸಿದರೆ ನಿಲ್ಲಿಸುತ್ತೇನೆ. ಕಳೆದ ಜನವರಿಯಲ್ಲಿ ತೀರಿಕೊಂಡ ನಮ್ಮ ಶಾಲೆಯ ಅಡುಗೆಯ ಅಜ್ಜಿ ನಿಮಗೆಲ್ಲ ಅಜ್ಜಿ. ನನಗೆ ನಿಜವಾಗಿಯೂ ಅಜ್ಜಿ, ನನ್ನ ತಾಯಿಯ ತಾಯಿ. ಅದರ ಜೊತೆಗೆ 2005ರಿಂದ ಏಳೆಂಟು ವರ್ಷ ಈ ಶಾಲೆಯಲ್ಲಿ ನನ್ನ ಸಹೋದ್ಯೋಗಿ. ಈ ಎರಡರಲ್ಲಿ ಯಾವುದನ್ನು ನೆನೆದು ಮಾತನಾಡಬೇಕೆಂದು ನಿನ್ನೆ ರಾತ್ರಿಯಿಡೀ ಯೋಚಿಸಿದೆ, ತೀರ್ಮಾನವಾಗಲಿಲ್ಲ. ಇಲ್ಲಿ ಕುಳಿತಿರುವ ನಿಮ್ಮಲ್ಲಿ ಅರ್ಧದಷ್ಟು ಮಂದಿಯಾದರೂ ಅವರ ಕೈಯ ಗಂಜಿ ಉಂಡವರು. ನಾನು ತಪ್ಪು ಹೇಳಿದರೆ ತಿದ್ದಬಹುದು.

ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1932 ಜನವರಿ 1 ಎಂದಿತ್ತು. ಜನನ ದಾಖಲೆ ಇಲ್ಲದ ಎಷ್ಟೋ ಮಂದಿಗೆ ಹಾಗೆ ಜನವರಿ ಒಂದೇ ಹುಟ್ಟಿದ ದಿನವಾಯಿತು. ಅವರು ಹೇಳುತ್ತಿದ್ದುದು, 'ನಾನು ಹುಟ್ಟಿದ್ದು ಆಟಿಯ ಮಳೆಯಲ್ಲಿ, ಜನವರಿಯಲ್ಲಿ ಮಳೆ ಎಲ್ಲಿಂದ ಬರುವುದು?' ಎಂದು. ಅವರು ಹುಟ್ಟಿದಾಗ ನಮ್ಮ ಊರು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಎರಡು ತಿಂಗಳು ಮಲಬಾರ್ ಜಿಲ್ಲೆ, 1957ರ ಮೊದಲ ದಿನದಿಂದ ಕಣ್ಣಾನೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಯಾಗಲಿಲ್ಲ, ಅದು ನಿಮಗೆ ಗೊತ್ತಿರುವ ಕಥೆ. ಮದುವೆಯಾಗಿ ಬಂದ ಮನೆಯಿಂದ ಅಜ್ಜಿ ಒಂದು ದಿನವೂ ಬೇರೆ ಮನೆಗೆ ಹೋಗಲಿಲ್ಲ. ಆ ಒಂದೇ ಮನೆಗೆ ಬಂದ ಕಾಗದಗಳಲ್ಲಿ ನಾಲ್ಕು ಜಿಲ್ಲೆಗಳ ಹೆಸರು ಇದ್ದವು.

ಅಜ್ಜ 1969ರಲ್ಲಿ ತೀರಿಕೊಂಡರು. ಮೂರು ಮಕ್ಕಳು, ಎರಡು ಮುಡಿ ಗೇಣಿಗದ್ದೆ. ಆಗಿನ ಹೆಡ್‌ಮಾಷ್ಟ್ರು ಮನೆಗೆ ಬಂದು, ಶಾಲೆಯಲ್ಲಿ ಉಪ್ಪಿಟ್ಟು ಮಾಡಲು ಜನ ಬೇಕೆಂದು ಕರೆದರಂತೆ. ಅಮೆರಿಕದ ಕೇರ್ ಸಂಸ್ಥೆಯಿಂದ ಗೋಧಿನುಚ್ಚು, ಎಣ್ಣೆ, ಹಾಲಿನ ಹುಡಿ ಬರುತ್ತಿದ್ದ ಕಾಲ ಅದು. 'ಗೋಧಿಯನ್ನು ನಾನು ಮೊದಲು ಕಂಡದ್ದೇ ಶಾಲೆಯಲ್ಲಿ. ಮೊದಲ ದಿನ ಅಡಿಹಿಡಿದು ಹೋಯಿತು. ಮಕ್ಕಳು ಆ ಸೀಕನ್ನೂ ಕೆರೆದು ತಿಂದರು' ಎನ್ನುತ್ತಿದ್ದರು. ಆ ಮಾತು ಹೇಳುವಾಗ ನಗುತ್ತಿರಲಿಲ್ಲ.

ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಮೊದಮೊದಲು ಕೆಲವು ಮನೆಯವರು ಮಕ್ಕಳನ್ನು ಶಾಲೆಯಲ್ಲಿ ತಿನ್ನಲು ಬಿಡುತ್ತಿರಲಿಲ್ಲ. ಯಾರ ಕೈಯ ಅಡುಗೆ ಎಂಬುದೇ ಕಾರಣ. ಅಜ್ಜಿ ಯಾರೊಡನೆಯೂ ವಾದ ಮಾಡಿದವರಲ್ಲ. ಉಪ್ಪಿಟ್ಟಿನ ಒಗ್ಗರಣೆಯ ಪರಿಮಳ ತರಗತಿಗೆ ಬರುವ ಹಾಗೆ ಅಡುಗೆಕೋಣೆಯ ಕಿಟಕಿ ತೆರೆದಿಟ್ಟರು. ಹಸಿದ ಮಕ್ಕಳು ಎಷ್ಟು ದಿನ ತಾಳಿಯಾರು? ಎರಡು ವರ್ಷದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತರು ಎಂದು ಆ ಹೆಡ್‌ಮಾಷ್ಟ್ರೇ ನನಗೆ ಹೇಳಿದ್ದಾರೆ.

ಕೇರಳ ಸರಕಾರದ ಮಧ್ಯಾಹ್ನದ ಗಂಜಿ ಯೋಜನೆ 1984ರ ಡಿಸೆಂಬರಿನಲ್ಲಿ ಮೊದಲು ಕಡಲತೀರದ ಊರುಗಳ ಕೆಳ ಪ್ರಾಥಮಿಕ ಶಾಲೆಗಳಲ್ಲಿ ಆರಂಭವಾಯಿತು. ಮರುವರ್ಷ ಎಲ್ಲ ಕೆಳ ಪ್ರಾಥಮಿಕ ಶಾಲೆಗಳಿಗೂ ಬಂತು, 1987ರಲ್ಲಿ ಹಿರಿಯ ಪ್ರಾಥಮಿಕಕ್ಕೂ ಬಂತು. ನಾನು ಒಂದನೇ ತರಗತಿಗೆ ಸೇರಿದ್ದು 1985ರ ಜೂನಿನಲ್ಲಿ. ಹಾಗಾಗಿ ನಾನು ಗಂಜಿಯ ಮಗು. ಗಂಜಿ ಮತ್ತು ಹೆಸರುಕಾಳಿನ ಪಲ್ಯ. ಆಗ ಗ್ಯಾಸ್ ಇಲ್ಲ, ಸೌದೆಯ ಒಲೆ. ಮಳೆಗಾಲದಲ್ಲಿ ಸೌದೆ ಒದ್ದೆಯಾದರೆ ತೆಂಗಿನ ಮಡಲು, ಕರಟ ಹಾಕಿ ಬೆಂಕಿ ಮಾಡಬೇಕು. ಅಜ್ಜಿ ಬೆಳಗ್ಗೆ ಎಂಟಕ್ಕೆ ಶಾಲೆಗೆ ಹೊರಡುತ್ತಿದ್ದರು, ನಾನು ಅವರ ಸೆರಗು ಹಿಡಿದು ಹಿಂದೆ. ಅವರ ಸೀರೆಗೆ ಯಾವಾಗಲೂ ಹೊಗೆಯ ವಾಸನೆ. ಅಜ್ಜಿ ಅಡುಗೆಯವರಾದ್ದರಿಂದ ನನಗೆ ಒಂದು ಸೌಟು ಹೆಚ್ಚು ಸಿಗುತ್ತಿತ್ತೆಂದು ನೀವು ತಿಳಿದಿದ್ದರೆ ತಪ್ಪು. ನನಗೆ ಬಡಿಸುತ್ತಿದ್ದುದು ಕೊನೆಗೆ. 'ನಿನಗೆ ಮನೆಯಲ್ಲಿ ಉಂಟು' ಎನ್ನುತ್ತಿದ್ದರು. ಮನೆಯಲ್ಲಿ ಏನು ಇರುತ್ತಿತ್ತೆಂದು ನನಗೆ ಗೊತ್ತಿತ್ತು. ಆ ಸಿಟ್ಟು ನನಗೆ ಬಹಳ ವರ್ಷ ಇತ್ತು.

ನಾನು ಬಿ.ಎಡ್. ಮಾಡುವಾಗ ಮಕ್ಕಳ ಮನಸ್ಸು, ಭಾಷಾ ಬೋಧನೆ ಎಂದೆಲ್ಲ ಓದಿದೆ. ಆ ಪುಸ್ತಕಗಳಲ್ಲಿ ಇದ್ದುದನ್ನು ಅಜ್ಜಿ ಓದದೆಯೇ ಮಾಡುತ್ತಿದ್ದರು. ನಮ್ಮಲ್ಲಿಗೆ ಒಂದನೇ ತರಗತಿಗೆ ಬರುವ ಮಕ್ಕಳ ಮನೆಮಾತು ಏನೆಂದು ನಿಮಗೇ ತಿಳಿದಿದೆ. ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ. ಮೊದಲ ವಾರ ಮಗುವಿಗೆ ಟೀಚರ್ ಹೇಳಿದ್ದು ಅರ್ಥವಾಗುವುದಿಲ್ಲ, ಅಳುತ್ತದೆ. ಆ ಮಗುವಿನ ಪಕ್ಕ ಕೂತು 'ಒಣಸ್ ಆಂಡಾ?' ಎಂದು ತುಳುವಿನಲ್ಲೋ, 'ಚೋರ್ ವೇಣೋ?' ಎಂದು ಮಲಯಾಳದಲ್ಲೋ ಕೇಳುತ್ತಿದ್ದರು ಅಜ್ಜಿ. ಮಗು ಹೂಂ ಎಂದ ಮೇಲೆ ಅದನ್ನೇ ಕನ್ನಡದಲ್ಲಿ, 'ಊಟ ಬೇಕಾ? ಅನ್ನ ಬೇಕಾ, ಪಲ್ಯ ಬೇಕಾ?' ಅನ್ನ, ನೀರು, ಉಪ್ಪು, ಬಟ್ಟಲು, ಸಾಕು, ಇನ್ನೂ ಬೇಕು. ಈ ಶಾಲೆಯಲ್ಲಿ ಎಷ್ಟೋ ಮಕ್ಕಳ ಮೊದಲ ಕನ್ನಡ ಶಬ್ದಗಳು ಕರಿಹಲಗೆಯಿಂದ ಬಂದವಲ್ಲ, ಅಡುಗೆಕೋಣೆಯಿಂದ ಬಂದವು. ನನ್ನ ತರಗತಿಯಲ್ಲಿ ಬಾಯಿ ಬಿಡದ ಮಗು ಅಜ್ಜಿಯ ಎದುರು 'ಇನ್ನೂ ಬೇಕು' ಎಂದು ಕೂಗುವುದನ್ನು ಕೇಳಿ ನಾನೇ ನಾಚಿಕೊಂಡದ್ದುಂಟು.

ಒಂದು ಸಾರಿ ಲೆಕ್ಕಪತ್ರ ನೋಡಲು ಬಂದ ಅಧಿಕಾರಿಯೊಬ್ಬರು ಅಜ್ಜಿಯನ್ನು ಕೇಳಿದರು, 'ನಿಮ್ಮ ಮನೆಮಾತು ತುಳು ಅಲ್ಲವೋ? ಮತ್ತೆ ಮಕ್ಕಳಿಗೆ ಕನ್ನಡ ಮಾಧ್ಯಮ ಯಾಕೆ?' ಈ ಪ್ರಶ್ನೆಯನ್ನು ನಮ್ಮಲ್ಲಿ ಎಲ್ಲರೂ ಒಮ್ಮೆಯಾದರೂ ಕೇಳಿಸಿಕೊಂಡಿದ್ದೇವೆ. ಸಂವಿಧಾನದ 350-ಎ ವಿಧಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಎನ್ನುತ್ತದೆ, ನಿಮ್ಮ ಮಾತೃಭಾಷೆ ಬೇರೆ ಎಂದು ನಮ್ಮ ಬಾಯಿ ಮುಚ್ಚಿಸುವವರಿದ್ದಾರೆ. ಅಜ್ಜಿ ಹೇಳಿದ್ದು ಇಷ್ಟೇ: 'ನನ್ನ ಮನೆಯಲ್ಲಿ ಅಡುಗೆಕೋಣೆಯೂ ಉಂಟು, ಚಾವಡಿಯೂ ಉಂಟು. ಒಳಗೆ ತುಳು, ಚಾವಡಿಯಲ್ಲಿ ಕನ್ನಡ. ಎರಡೂ ನಮ್ಮದೇ ಅಲ್ಲವಾ ಸಾರ್?' ಅಧಿಕಾರಿ ನಕ್ಕು ಸುಮ್ಮನಾದರು. ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಯಾವ ಮನವಿಪತ್ರದಲ್ಲೂ ಓದಿಲ್ಲ. ಅಜ್ಜಿಗೆ ತುಳು ಮನೆಮಾತು, ಆದರೆ ರಾತ್ರಿಯಿಡೀ ಕೂತು ನೋಡಿದ ಯಕ್ಷಗಾನದ ಮಾತು ಕನ್ನಡ, ಪತ್ತಾಯದ ಮೇಲಿಟ್ಟ ಜಾಗದ ಹಳೆಯ ಕಾಗದ ಕನ್ನಡ, ಮದುವೆಯ ಆಮಂತ್ರಣ ಕನ್ನಡ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇಬ್ಬರೂ ಕನ್ನಡದ ಕವಿಗಳು. ಅವರಿಗೆ ಆ ಪ್ರಶ್ನೆ ಕೇಳುವ ಧೈರ್ಯ ಯಾರಿಗಿತ್ತು?

ಅಜ್ಜಿ ಶಾಲೆಯ ಒಳಗೆ ಅಷ್ಟು ವರ್ಷ ಇದ್ದರೂ ಓದು ಬರಹ ಬಾರದು. ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. 1990ರಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನದ ಸಂಜೆ ತರಗತಿ ನಮ್ಮ ಶಾಲೆಯ ಜಗಲಿಯಲ್ಲಿ ಕನ್ನಡದಲ್ಲಿ ನಡೆಯಿತು. ಹಗಲು ಮಕ್ಕಳಿಗೆ ಬಡಿಸಿದ ಜಗಲಿಯಲ್ಲೇ ಸಂಜೆ ಸ್ಲೇಟು ಹಿಡಿದು ಕೂತರು, ಅರುವತ್ತರ ಹತ್ತಿರದ ಅಜ್ಜಿ. ಮನೆಯಲ್ಲಿ ಅವರ ಮಗ್ಗಿ ಕೇಳುವವಳು ಹತ್ತು ವರ್ಷದ ನಾನು. ಬಹಳ ಗತ್ತು ಮಾಡುತ್ತಿದ್ದೆ ಎಂದು ಈಗ ನೆನಪಾಗುತ್ತದೆ. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯವೆಂಬ ಘೋಷಣೆಯಾಯಿತು. ಅಜ್ಜಿ ಪೂರ್ತಿ ಓದಲು ಕಲಿಯಲಿಲ್ಲ, ಅಂಗಡಿಯ ಬೋರ್ಡು ಓದುವಷ್ಟು ಬಂತು. ಆದರೆ ಹೆಸರು ಬರೆಯಲು ಕಲಿತರು. ಆ ಜೂನಿನಲ್ಲಿ ಕ್ಲಾರ್ಕ್ ಅಭ್ಯಾಸದಂತೆ ಶಾಯಿಯ ಡಬ್ಬಿ ಮುಂದಿಟ್ಟರೆ ಅಜ್ಜಿ ಅದನ್ನು ಬದಿಗೆ ಸರಿಸಿ ಪೆನ್ನು ಕೇಳಿದರಂತೆ. ಕನ್ನಡದ ಐದು ಅಕ್ಷರ. ಬರೆದು ಮುಗಿಸಲು ಎರಡು ನಿಮಿಷ ಬೇಕಾಯಿತು, ಅಷ್ಟು ಹೊತ್ತು ಎಲ್ಲರೂ ಕಾದರು. ಎಂಬತ್ತರ ಪ್ರಾಯದವರೆಗೂ ಆ ಸಹಿ ಬದಲಾಗಲಿಲ್ಲ.

2005ರ ಜೂನಿನಲ್ಲಿ ನಾನು ಯು.ಪಿ. ವಿಭಾಗಕ್ಕೆ ಅಧ್ಯಾಪಿಕೆಯಾಗಿ ಸೇರಿದೆ. ಮೊದಲ ದಿನ ಅಭ್ಯಾಸದಂತೆ ಅಡುಗೆಕೋಣೆಗೆ ಹೋಗಿ ಅಜ್ಜಿ ಎಂದು ಕರೆದೆ. ತಿರುಗಿ ನೋಡಿ 'ಎಂತ ಟೀಚರೇ?' ಎಂದರು. ತಮಾಷೆ ಎಂದುಕೊಂಡೆ. ಅಲ್ಲ. ಶಾಲೆಯ ಗೇಟಿನ ಒಳಗೆ ನಾನು ಟೀಚರು, ಗೇಟು ದಾಟಿದರೆ 'ಏ ಬಾಲೆ'. ನನ್ನ ತರಗತಿಯ ಮಕ್ಕಳು ಬಟ್ಟಲಲ್ಲಿ ಅನ್ನ ಬಿಟ್ಟರೆ ಎಲ್ಲರ ಎದುರು ನನ್ನನ್ನೇ ವಿಚಾರಿಸುತ್ತಿದ್ದರು. ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬರುತ್ತದೆ, ಯಾವ ಮನೆಯಲ್ಲಿ ರಾತ್ರಿ ಜಗಳವಾಗಿದೆ, ಯಾರ ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಇದು ನನಗೆ ತಿಳಿಯುತ್ತಿದ್ದುದು ಅವರಿಂದ. ಹಾಜರಿ ಪುಸ್ತಕ ನನ್ನ ಕೈಯಲ್ಲಿ, ಆದರೆ ಹಾಜರಿ ಅವರ ಬಾಯಲ್ಲಿ. ಅವರ ಸಂಭಾವನೆ ಕೆಲವು ವರ್ಷ ಮೂರು ನಾಲ್ಕು ತಿಂಗಳು ತಡವಾಗಿ ಬಂದದ್ದುಂಟು. ನನ್ನ ಸಂಬಳ ಒಂದು ವಾರ ತಡವಾದರೆ ನಾನು ಸಂಘದ ಸಭೆಗೆ ಹೋಗುತ್ತಿದ್ದೆ. ಅವರು ಅಂಗಡಿಯಲ್ಲಿ ಸಾಲ ಹೇಳಿ ಕೊತ್ತಂಬರಿ, ಮೆಣಸು ತಂದು ಸಾಂಬಾರು ಮಾಡುತ್ತಿದ್ದರು. ಸಹೋದ್ಯೋಗಿ ಎಂದೆನಲ್ಲ, ಆ ಮಾತಿಗೆ ಈ ವ್ಯತ್ಯಾಸವನ್ನೂ ಸೇರಿಸಿಕೊಳ್ಳಿ.

ಒಂದು ವರ್ಷ ನಮ್ಮಲ್ಲಿಗೆ ಕನ್ನಡ ಬಾರದ ಅಧ್ಯಾಪಕರೊಬ್ಬರು ಬಂದರು. ತಪ್ಪು ಅವರದಲ್ಲ, ಕಳುಹಿಸಿದವರದು. ಅಜ್ಜಿ ಊಟ ಬಡಿಸುತ್ತಾ ಅವರಿಗೂ ಒಂದೊಂದೇ ಕನ್ನಡ ಶಬ್ದ ಹೇಳಿಕೊಟ್ಟರು. ಆದರೆ ಐದನೇ ತರಗತಿಯ ಗಣಿತ ಹಾಗೆ ಕಲಿಸಲಾಗುತ್ತದೆಯೇ? ಹೆತ್ತವರು ಕಚೇರಿಗೆ ಮನವಿ ಕೊಡಲು ಹೊರಟಾಗ ಅಜ್ಜಿಯೂ ಜೀಪು ಹತ್ತಿದರು. ಮನವಿ ಕನ್ನಡದಲ್ಲೇ ಇತ್ತು. 1969ರ ಕೇರಳ ಆಡಳಿತ ಭಾಷಾ ಕಾಯಿದೆ ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆನ್ನುತ್ತದೆ. ಇದನ್ನು ನೆನಪಿಡಿ, ಕೆಲಸಕ್ಕೆ ಬರುತ್ತದೆ. ಅಲ್ಲಿ ಎಲ್ಲರೂ ಕಾನೂನು ಮಾತನಾಡಿದರು. ಅಜ್ಜಿ ಹೇಳಿದ್ದು, 'ಮಾಷ್ಟ್ರು ಒಳ್ಳೆಯವರೇ. ಅವರು ಹೇಳಿದ್ದು ಮಕ್ಕಳಿಗೆ ತಿಳಿಯುವುದಿಲ್ಲ, ಮಕ್ಕಳು ಕೇಳಿದ್ದು ಅವರಿಗೆ ತಿಳಿಯುವುದಿಲ್ಲ. ಇಬ್ಬರೂ ಪಾಪ.' ಎಂಟು ತಿಂಗಳ ಮೇಲೆ ಬೇರೆ ವ್ಯವಸ್ಥೆಯಾಯಿತು. ಆ ಎಂಟು ತಿಂಗಳ ಗಣಿತ ಆ ಮಕ್ಕಳಿಗೆ ಮತ್ತೆ ಪೂರ್ತಿ ಸಿಗಲಿಲ್ಲ.

ಈಗ ಮೇ ತಿಂಗಳ ವಿಷಯಕ್ಕೆ ಬರುತ್ತೇನೆ. ಶಾಲೆಗೆ ರಜೆ, ಅಡುಗೆಯವರಿಗೆ ಸಂಬಳವಿಲ್ಲದ ತಿಂಗಳುಗಳು. ಅಜ್ಜಿಗೆ ಆಗಲೇ ಹೆಚ್ಚು ಕೆಲಸ. ಕೊಡೆ ಹಿಡಿದು, ಎಲೆಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿ, ಐದು ವರ್ಷದ ಮಗು ಇರುವ ಪ್ರತಿಯೊಂದು ಮನೆಗೆ ಹೋಗುತ್ತಿದ್ದರು. ಯಾರೂ ಹೇಳಿ ಕಳುಹಿಸಿದ್ದಲ್ಲ. ಹೋಗಿ ಜಗಲಿಯಲ್ಲಿ ಕೂತು ಮಳೆ, ಅಡಿಕೆ, ಮದುವೆಯ ಸುದ್ದಿ ಎಲ್ಲ ಮಾತನಾಡಿ, ಏಳುವಾಗ 'ಜೂನಿಗೆ ಇವನಿಗೆ ಒಂದು ಬಟ್ಟಲು ತೆಗೆದಿಡಲಾ?' ಎಂದು ಕೇಳುವುದು. ಹೂಂ ಎಂದರೆ ಶಾಲೆಯ ಅಡುಗೆಕೋಣೆಯ ಗೋಡೆಯಲ್ಲಿ ಮಸಿತುಂಡಿನಿಂದ ಒಂದು ಗೆರೆ. ತೆಂಗಿನಕಾಯಿ ಲೆಕ್ಕ ಒಂದು ಬದಿ, ಮಕ್ಕಳ ಲೆಕ್ಕ ಇನ್ನೊಂದು ಬದಿ. ಜೂನ್ ತಿಂಗಳ ಆರನೇ ಕೆಲಸದ ದಿನ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬ ಲೆಕ್ಕದ ಮೇಲೆ ನಮ್ಮ ರಾಜ್ಯದಲ್ಲಿ ಡಿವಿಷನ್ ಎಷ್ಟು, ಅಧ್ಯಾಪಕ ಹುದ್ದೆ ಎಷ್ಟು ಎಂದು ನಿಶ್ಚಯವಾಗುತ್ತದೆ ಎಂಬುದು ಹೆತ್ತವರಾದ ನಿಮಗೆ ಗೊತ್ತಿರಬೇಕು. ಏಳನೇ ದಿನ ಹತ್ತು ಮಕ್ಕಳು ಬಂದರೂ ಆ ವರ್ಷದ ಲೆಕ್ಕಕ್ಕೆ ಪ್ರಯೋಜನವಿಲ್ಲ. ಹೆಡ್‌ಮಾಷ್ಟ್ರು ಮೇ ಕೊನೆಯಲ್ಲಿ ಅಡುಗೆಕೋಣೆಗೆ ಹೋಗಿ ಗೋಡೆಯ ಗೆರೆ ಎಣಿಸಿ ಬರುತ್ತಿದ್ದರು. ಒಂದೆರಡು ಗೆರೆ ಮಾತ್ರ ಹೆಚ್ಚು ಕಡಿಮೆ.

ಇನ್ನು ಹೇಳುವುದನ್ನು ಹೇಳದೆ ಬಿಡಬಹುದಿತ್ತು. ಆದರೆ ಇಲ್ಲಿ ಕೆಲವರಿಗೆ ಗೊತ್ತಿದೆ, ಉಳಿದವರಿಗೆ ನನ್ನ ಬಾಯಿಂದಲೇ ತಿಳಿಯಲಿ. 2013ರಲ್ಲಿ ನನ್ನ ಮಗನನ್ನು ನಾನು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ಎಲ್.ಕೆ.ಜಿ.ಗೆ ಸೇರಿಸಿದೆ. ಕನ್ನಡ ಮಾಧ್ಯಮದ ಅಧ್ಯಾಪಿಕೆ, ಈ ಶಾಲೆಯ ಅನ್ನ ಉಣ್ಣುವವಳು. ಕಾರಣಗಳಿದ್ದವು. ಮುಂದೆ ಏನು ಕೆಲಸ, ಇಂಗ್ಲಿಷ್ ಬಾರದಿದ್ದರೆ ಏನು ಗತಿ, ನಿಮ್ಮ ತಲೆಯಲ್ಲಿ ಈಗ ಇರುವ ಅದೇ ಕಾರಣಗಳು. ಅಜ್ಜಿ ಒಂದು ಮಾತೂ ಆಡಲಿಲ್ಲ. ಬೆಳಗ್ಗೆ ಹಳದಿ ವ್ಯಾನು ಬಂದಾಗ ಅವನ ಬುತ್ತಿಚೀಲ ಹಿಡಿದು ರಸ್ತೆಯವರೆಗೆ ಹೋಗುತ್ತಿದ್ದರು. ಆ ಹೊತ್ತಿಗೆ ಅವರು ಸೌಟನ್ನು ಬೇರೆಯವರ ಕೈಗೆ ಕೊಟ್ಟಿದ್ದರು. ಆದರೂ ದಿನವೂ ಶಾಲೆಗೆ ಬಂದು ಜಗಲಿಯಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸಿಕೊಡುತ್ತಿದ್ದರು.

2014ರ ಮೇ ತಿಂಗಳಲ್ಲಿ ಅವರು ಎರಡು ದಿನ ಮನೆಮನೆಗೆ ಹೋದರು. ಮೂರನೆಯ ದಿನ ಹೋಗಲಿಲ್ಲ. ಕಾಲುನೋವು ಎಂದರು, ನಾನು ನಂಬಿದೆ. ಗೋಡೆಯಲ್ಲಿ ನಾಲ್ಕು ಗೆರೆ ಮಾತ್ರ ಇದ್ದವು. ಹಿಂದಿನ ವರ್ಷ ಹದಿನೈದು ಮಕ್ಕಳು ಸೇರಿದ್ದ ಒಂದನೇ ತರಗತಿಗೆ ಆ ಜೂನಿನಲ್ಲಿ ಆರು ಮಕ್ಕಳು ಬಂದರು. ಶಾಲೆಯ ಒಟ್ಟು ಲೆಕ್ಕ ಇಳಿದು ಒಂದು ಹುದ್ದೆ ಹೋಯಿತು. ನನ್ನ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದ ಟೀಚರ್ ಬೇರೆ ಶಾಲೆಗೆ ಹೋಗಬೇಕಾಯಿತು. ಕಾರಣ ನನಗೆ ತಿಳಿದದ್ದು ಆಗಸ್ಟಿನಲ್ಲಿ, ಒಬ್ಬರು ತಾಯಿ ಮಾತಿನ ನಡುವೆ ಹೇಳಿದರು. ಆ ಮೂರನೆಯ ಮನೆಯಲ್ಲೋ ನಾಲ್ಕನೆಯ ಮನೆಯಲ್ಲೋ ಅಜ್ಜಿಯನ್ನು ಕೇಳಿದರಂತೆ, 'ನಮ್ಮ ಮಗುವಿಗೆ ಬಟ್ಟಲು ಇಡುವುದು ಸರಿ ಅಜ್ಜೀ, ಟೀಚರ್ ಅವರ ಮಗನ ಬಟ್ಟಲು ಎಲ್ಲಿ?' ಅಜ್ಜಿ ಎದ್ದು ಬಂದರಂತೆ. ಮನೆಯಲ್ಲಿ ಅದನ್ನು ಹೇಳಲೇ ಇಲ್ಲ. ಆ ರಾತ್ರಿ ನಾನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು. 'ಅವರು ಕೇಳಿದ್ದು ಸುಳ್ಳಲ್ಲವಲ್ಲ' ಎಂದರು, ಅಷ್ಟೇ.

2015ರ ಜೂನಿನಲ್ಲಿ ಮಗ ಇಲ್ಲಿ ಒಂದನೇ ತರಗತಿಗೆ ಸೇರಿದ. ಮೊದಲ ಆರು ತಿಂಗಳು ಅಕ್ಷರ ಕಲಿಯಲು ಕಷ್ಟಪಟ್ಟ, ಅದನ್ನೂ ಹೇಳುತ್ತೇನೆ. ಇಂಗ್ಲಿಷಿಗೆ ಮನೆಯಲ್ಲಿ ನಾನು ಕೂತು ಹೇಳಿಕೊಡಬೇಕಾಯಿತು. ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆ ಇನ್ನೂ ಗಟ್ಟಿಯಾಗಬೇಕು ಎಂಬುದನ್ನು ಅಧ್ಯಾಪಿಕೆಯಾಗಿಯೇ ಒಪ್ಪುತ್ತೇನೆ. ಅದನ್ನು ನೀವು ನಮ್ಮಿಂದ ಒತ್ತಾಯಿಸಿ ಕೇಳಿ, ಶಾಲೆ ಬಿಡಿಸಬೇಡಿ. ಮಗ ಈ ಮಾರ್ಚಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆದ, ತೇರ್ಗಡೆಯಾದ. ಫಲಿತಾಂಶ ಕೇಳಲು ಅಜ್ಜಿ ಇರಲಿಲ್ಲ.

2015ರ ಮೇ ತಿಂಗಳಲ್ಲಿ ಅವನನ್ನು ಸೇರಿಸುವುದೆಂದು ತೀರ್ಮಾನವಾದ ಮರುದಿನವೇ ಅಜ್ಜಿ ಕೊಡೆ ತೆಗೆದುಕೊಂಡು ಹೊರಟಿದ್ದರು. ಎಂಬತ್ತಮೂರರ ಪ್ರಾಯ. ಈ ಸಲ ನಾನೂ ಜೊತೆಗೆ ಹೋದೆ. ಹನ್ನೆರಡು ಗೆರೆ. ಮುಂದೆ 2019ರವರೆಗೂ ಹಾಗೆಯೇ ಹೋದೆವು. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿತು. 2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆದ ದಿನ ಆಟೋದಲ್ಲಿ ಬಂದು, ಮಾಸ್ಕ್ ಹಾಕಿಕೊಂಡು ಗೇಟಿನ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ಎರಡು ವರ್ಷದಲ್ಲಿ ಎತ್ತರವಾದ ಮಕ್ಕಳ ಗುರುತು ಸಿಗದೆ, ಮನೆಯ ಹೆಸರು ಕೇಳಿ ಕೇಳಿ ಒಳಗೆ ಬಿಟ್ಟರು. ಅವರು ಶಾಲೆಗೆ ಬಂದದ್ದು ಅದೇ ಕೊನೆ.

ಕೊನೆಯ ಮೂರು ವರ್ಷ ಮನೆಯ ಚಾವಡಿಯಲ್ಲೇ. ಕಣ್ಣು ಮಂದವಾಯಿತು, ಕಿವಿ ಚುರುಕಾಗಿತ್ತು. ಶಾಲೆಯಿಂದ ಬಂದ ಕೂಡಲೇ ಕೇಳುತ್ತಿದ್ದ ಪ್ರಶ್ನೆ, 'ಇವತ್ತು ಎಷ್ಟು ಬಟ್ಟಲು?' ಕಳೆದ ಜನವರಿಯಲ್ಲಿ ಎರಡು ದಿನ ಜ್ವರ, ಮೂರನೆಯ ದಿನ ಬೆಳಗಿನ ಜಾವ ಹೋದರು. ಮನೆಯಂಗಳದಲ್ಲಿ ಸೇರಿದ ಜನರಲ್ಲಿ ತುಳುವರು, ಹವ್ಯಕರು, ಮರಾಟಿಗರು, ಬ್ಯಾರಿಗಳು, ಮಲಯಾಳ ಮಾತನಾಡುವವರು ಎಲ್ಲರೂ ಇದ್ದರು. ಅಲ್ಲಿ ಎಲ್ಲರೂ ಪರಸ್ಪರ ಮಾತನಾಡಿಕೊಂಡದ್ದು ಕನ್ನಡದಲ್ಲಿ. ನಾನು ಅದನ್ನು ಗಮನಿಸಿದ್ದು ಆಮೇಲೆ.

ಗಂಟೆ ಬಾರಿಸುವ ಮುಂಚೆ ಲೆಕ್ಕ ಹೇಳಿಬಿಡುತ್ತೇನೆ. ಹಳೆಯ ಅಡುಗೆಕೋಣೆ ಕೆಡವಿ ಹೊಸತು ಕಟ್ಟಿದ್ದೇವೆ, ಗೋಡೆಗೆ ಟೈಲ್ಸ್ ಹಾಕಿದ್ದಾರೆ, ಮಸಿಗೆರೆ ನಿಲ್ಲುವುದಿಲ್ಲ. ಅದಕ್ಕಾಗಿ ಪುಸ್ತಕದಲ್ಲಿ ಬರೆದಿದ್ದೇವೆ. ನಮ್ಮ ವ್ಯಾಪ್ತಿಯಲ್ಲಿ ಈ ಜೂನಿಗೆ ಒಂದನೇ ತರಗತಿಗೆ ಬರಬೇಕಾದ ಮಕ್ಕಳು ಇಪ್ಪತ್ತಮೂರು. ಒಂಬತ್ತು ಮನೆಯವರು ಹೂಂ ಎಂದಿದ್ದಾರೆ. ಹದಿನಾಲ್ಕು ಮನೆಗೆ ಇನ್ನೂ ಯಾರೂ ಹೋಗಿಲ್ಲ. ಟೀಚರ್ ಹೋದರೆ ಹುದ್ದೆ ಉಳಿಸಿಕೊಳ್ಳಲು ಬಂದಳೆಂದು ತಿಳಿಯುತ್ತಾರೆ, ಅದರಲ್ಲಿ ಸ್ವಲ್ಪ ಸತ್ಯವೂ ಉಂಟು. ನಿಮ್ಮಲ್ಲಿ ಒಬ್ಬರು ಜೊತೆಗಿದ್ದರೆ ಮಾತು ಬೇರೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಶಾಲೆಯ ಗೇಟಿನಿಂದ ಹೊರಡುತ್ತೇವೆ. ಹೊಳೆಬದಿಯ ಐದು ಮನೆಗೆ ಹೋಗುವವರು ನನ್ನಲ್ಲಿ ಹೆಸರು ಕೊಡಿ, ಗುಡ್ಡೆಯ ಮೇಲಿನ ಮನೆಗಳಿಗೆ ಹೆಡ್‌ಮಾಷ್ಟ್ರ ಜೊತೆ ಹೋಗಬಹುದು. ಮಳೆ ಬರುವ ಲಕ್ಷಣ ಉಂಟು, ಕೊಡೆ ತನ್ನಿ.